ದಿನ ತುಂಬದೆ ಹುಟ್ಟಿದ ಮಗು: ಕಣ್ಣಿನ ತಪಾಸಣೆ, ಕೈಕಾಲಿನ ಆಟ

ದಿನ ತುಂಬದೆ ಹುಟ್ಟಿದ ಮಗುವಿಗೆ ಎರಡು ಲೆಕ್ಕ ಇಡಬೇಕು. ಕಣ್ಣಿನ ತಪಾಸಣೆಗೂ ಲಸಿಕೆಗೂ ಹುಟ್ಟಿದ ದಿನದ ಲೆಕ್ಕ. ನಗುವುದು, ಕತ್ತು ನಿಲ್ಲುವುದು, ಕೂರುವುದಕ್ಕೆ ಡಾಕ್ಟರು ಕೊಟ್ಟಿದ್ದ ಹೆರಿಗೆ ದಿನಾಂಕದ ಲೆಕ್ಕ. 32 ವಾರಕ್ಕೆ ಹುಟ್ಟಿದ ಮಗು 8 ವಾರ ಮುಂಚೆ ಬಂದಿದೆ. ಅದಕ್ಕೆ 5 ತಿಂಗಳಾದಾಗ 3 ತಿಂಗಳ ಮಗು ಮಾಡುವುದನ್ನಷ್ಟೇ ನಿರೀಕ್ಷಿಸಿ. 2 ವರ್ಷದವರೆಗೆ ಹೀಗೇ. ಎರಡೂ ದಿನಾಂಕಗಳನ್ನು ತಾಯಿ ಕಾರ್ಡ್ ಮೇಲೆ ಬರೆದಿಡಿ.

ಮೊದಲು ಕಣ್ಣು, ಯಾಕೆಂದರೆ ಇಲ್ಲಿ ಕಾಯಲು ಸಮಯವಿಲ್ಲ. ರೆಟಿನಾದ, ಅಂದರೆ ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ಪರದೆಯ, ರಕ್ತನಾಳಗಳು ಮಧ್ಯದಿಂದ ಅಂಚಿಗೆ ಬೆಳೆದು ಮುಗಿಯುವುದು ಗರ್ಭದ ಸುಮಾರು 40 ವಾರಕ್ಕೆ. ಬೇಗ ಹುಟ್ಟಿದ ಮಗುವಿನಲ್ಲಿ ಅಂಚು ಇನ್ನೂ ಖಾಲಿ. ಅಲ್ಲಿ ನಾಳಗಳು ಅಡ್ಡಾದಿಡ್ಡಿ ಬೆಳೆದು ರೆಟಿನಾವನ್ನೇ ಎಳೆದುಬಿಡಬಹುದು. ಇದೇ ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ). ಶುರುವಿನಲ್ಲಿ ಹೊರಗಿನಿಂದ ಏನೂ ಕಾಣಿಸುವುದಿಲ್ಲ, ಮಗು ಚೆನ್ನಾಗಿ ಹಾಲು ಕುಡಿಯುತ್ತಲೇ ಇರುತ್ತದೆ.

34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಗಿದ ಮಗುವಿಗೆ ಹುಟ್ಟಿದ 30 ದಿನದೊಳಗೆ ಮೊದಲ ತಪಾಸಣೆ ಆಗಲೇಬೇಕು. 28 ವಾರಕ್ಕಿಂತ ಮುಂಚೆ ಅಥವಾ 1200 ಗ್ರಾಂಗಿಂತ ಕಡಿಮೆಯಾದರೆ 2–3 ವಾರಕ್ಕೇ. ಪಾಪೆ ಅಗಲವಾಗಲು ಹನಿ ಹಾಕುತ್ತಾರೆ. ವಾಂತಿಯಾಗದಂತೆ ಒಂದು ಗಂಟೆ ಮೊದಲೇ ಹಾಲು ಕುಡಿಸಿ ತೇಗಿಸಿರಿ. ಒಂದು ಸಲ ನೋಡಿಸಿದರೆ ಮುಗಿಯಲಿಲ್ಲ. ನಾಳಗಳು ಅಂಚು ಮುಟ್ಟಿದವು ಎಂದು ಡಾಕ್ಟರು ಹೇಳುವವರೆಗೆ ಹೇಳಿದ ದಿನವೇ ಹೋಗಿ. ಆರ್‌ಒಪಿಗೆ ಲೇಸರ್ ಚಿಕಿತ್ಸೆ ಬೇಕೆಂದರೆ ಎರಡು ಮೂರು ದಿನದೊಳಗೆ ಆಗಬೇಕು, ನಾಮಕರಣ ಮುಗಿಯಲಿ ಎನ್ನುವಂತಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಜಿಲ್ಲೆಗಳ ನವಜಾತ ಘಟಕಗಳಿಗೇ ಕ್ಯಾಮೆರಾ ಒಯ್ದು ರೆಟಿನಾದ ಚಿತ್ರ ತೆಗೆಯುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಈ ತಪಾಸಣೆ ಎಲ್ಲಿ ಸಿಗುತ್ತದೆಂದು ಡಿಸ್ಚಾರ್ಜ್‌ಗೆ ಮೊದಲೇ ಕೇಳಿ.

ಆರ್‌ಒಪಿ ಇಲ್ಲದಿದ್ದರೂ ಇಂಥ ಮಕ್ಕಳಿಗೆ ಮೆಳ್ಳಗಣ್ಣು, ಕನ್ನಡಕದ ನಂಬರು ಬರುವ ಸಂಭವ ಹೆಚ್ಚು. ವರ್ಷ ತುಂಬುವ ಹೊತ್ತಿಗೆ ಮತ್ತೊಮ್ಮೆ ತೋರಿಸಿ. ಕಾಡಿಗೆ ಮಾತ್ರ ಬೇಡವೇ ಬೇಡ.

ಇನ್ನು ಆಟ. ನಿಮ್ಮ ಮುಖವೇ ಮೊದಲ ಆಟಿಕೆ: 20–30 ಸೆಂ.ಮೀ. ದೂರದಲ್ಲಿ ಹಿಡಿದು, ಮಗು ದಿಟ್ಟಿಸಿದ ಮೇಲೆ ನಿಧಾನವಾಗಿ ಪಕ್ಕಕ್ಕೆ ಸರಿಸಿ. ಆಮೇಲೆ ಕಪ್ಪು-ಬಿಳಿ ಪಟ್ಟೆಯ ಚಿತ್ರ. ಮುಖ ತಿರುಗಿಸಿತೇ, ಆಕಳಿಸಿತೇ, ಬೆರಳು ಅಗಲಿಸಿ ಚಾಚಿತೇ, ಬಿಕ್ಕಳಿಕೆ ಬಂತೇ, ಅಲ್ಲಿಗೆ ನಿಲ್ಲಿಸಿ, ದಣಿದಿದೆ ಎಂದರ್ಥ.

ಗರ್ಭದಲ್ಲಿ ಕೊನೆಯ ವಾರಗಳಲ್ಲಿ ಮುದುಡಿಕೊಂಡಿರುವ ಅವಕಾಶ ಸಿಗದ ಕಾರಣ ಈ ಮಕ್ಕಳು ಭುಜ ಹಿಂದಕ್ಕೆಳೆದು ಬೆನ್ನು ಬಿಗಿ ಮಾಡುತ್ತವೆ. ಆದ್ದರಿಂದ ಎಚ್ಚರವಿದ್ದಾಗ ಮಗ್ಗುಲಾಗಿಸಿ, ಎರಡೂ ಕೈ ಎದೆಯ ಮುಂದೆ ಸೇರುವಂತೆ ಮಾಡಿ. ಎತ್ತುವಾಗಲೂ ತಲೆಗೆ, ಭುಜಕ್ಕೆ ಆಸರೆ ಕೊಟ್ಟು ಮಗ್ಗುಲಿನಿಂದ ಎತ್ತಿ. ಬೋರಲು ಆಟವನ್ನು ನಿಮ್ಮ ಎದೆಯ ಮೇಲೆ ಶುರುಮಾಡಿ: ಒಂದೆರಡು ನಿಮಿಷ, ದಿನಕ್ಕೆ ಹಲವು ಸಲ, ಹಾಲು ಕುಡಿದ ತಕ್ಷಣ ಬೇಡ. ನಿದ್ದೆಗೆ ಯಾವಾಗಲೂ ಅಂಗಾತವೇ. ವಾಕರ್ ಕೊಡಬೇಡಿ.

ತಿದ್ದಿದ ವಯಸ್ಸಿನ, ಅಂದರೆ ಡಾಕ್ಟರು ಕೊಟ್ಟಿದ್ದ ಹೆರಿಗೆ ದಿನಾಂಕದ, ಲೆಕ್ಕದಲ್ಲಿ 3 ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಕಣ್ಣು ವಸ್ತುವನ್ನು ಹಿಂಬಾಲಿಸದಿದ್ದರೆ, 4 ತಿಂಗಳಾದರೂ ಮುಷ್ಟಿ ಬಿಚ್ಚದಿದ್ದರೆ, ಕತ್ತು ನಿಲ್ಲದಿದ್ದರೆ, ಕಾಲು ಕತ್ತರಿಯಂತೆ ಬಿಗಿದರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ ಮುಂದಿನ ಲಸಿಕೆ ದಿನದವರೆಗೆ ಕಾಯದೆ ಮಕ್ಕಳ ಡಾಕ್ಟರಿಗೋ ಜಿಲ್ಲಾ ಆಸ್ಪತ್ರೆಯ ಶೀಘ್ರ ಹಸ್ತಕ್ಷೇಪ ಕೇಂದ್ರಕ್ಕೋ ತೋರಿಸಿ.