ಲಾರಿ ಲೀಸಿಗೆ ಪಡೆಯುವ ಮುನ್ನ ಚಾಲಕರು ಹಾಕಬೇಕಾದ ಲೆಕ್ಕ

ವರ್ಷಗಟ್ಟಲೆ ಸಂಬಳಕ್ಕೆ ಲಾರಿ ಓಡಿಸಿದ ಚಾಲಕರಿಗೆ, ತಾವು ತಂದ ಬಾಡಿಗೆಯೆಲ್ಲ ಮಾಲೀಕರ ಕೈ ಸೇರುವುದನ್ನು ಕಂಡು, ಲಾರಿಯನ್ನೇ ಲೀಸಿಗೆ ಪಡೆದು ಸ್ವಂತಕ್ಕೆ ಓಡಿಸಿದರೆ ಹೇಗೆ ಎಂಬ ಯೋಚನೆ ಬರುವುದು ಸಹಜ. ಮುಂಗಡ ಕಟ್ಟಿ ಸಾಲ ಮಾಡಬೇಕಿಲ್ಲ, ಒಪ್ಪಿದ ಲೋಡನ್ನೇ ಹಾಕಿಕೊಳ್ಳಬಹುದು, ಸರಿಹೋಗದಿದ್ದರೆ ಲಾರಿ ಹಿಂತಿರುಗಿಸಬಹುದು ಎಂಬ ಅನುಕೂಲಗಳು ನಿಜವೇ. ಆದರೆ ಹೀಗೆ ಹೊರಟವರಲ್ಲಿ ಹಲವರು ಕೆಲವೇ ತಿಂಗಳಲ್ಲಿ ಮರಳಿ ಸಂಬಳದ ಕೆಲಸ ಹುಡುಕುವುದನ್ನು ನೋಡುತ್ತಲೇ ಇದ್ದೇವೆ. ಅವರು ಎಡವುವುದು ಚಾಲನೆಯಲ್ಲಲ್ಲ, ಲಾರಿ ನಿಂತಿರುವ ದಿನಗಳನ್ನು ಲೆಕ್ಕಕ್ಕೆ ಹಿಡಿಯದಿರುವುದರಲ್ಲಿ.

ಮೊದಲ ಹೆಜ್ಜೆ: ಯಾವ ಬಗೆಯ ಲೀಸ್ ಎಂಬುದನ್ನು ತಿಳಿದುಕೊಳ್ಳಿ. ತಿಂಗಳಿಗೆ ಇಂತಿಷ್ಟು ಎಂದು ಕೊಡುವುದು, ಖರ್ಚು ಕಳೆದು ಉಳಿದುದನ್ನು ಮಾಲೀಕರೊಂದಿಗೆ ಪಾಲು ಹಾಕಿಕೊಳ್ಳುವುದು, ಕಂತು ಮುಗಿದ ಮೇಲೆ ಲಾರಿ ನಿಮ್ಮದೇ ಎಂಬ ಮಾತಿನ ಮೇಲೆ ಕಂತನ್ನು ಕಟ್ಟುತ್ತ ಹೋಗುವುದು ಎಂದು ಮೂರು ಬಗೆಗಳು ಸಾಮಾನ್ಯ. ಮೊದಲ ಸಲ ಪಡೆಯುವವರು ಪಾಲಿನ ಪದ್ಧತಿಯನ್ನೇ ಆರಿಸಿಕೊಳ್ಳಬೇಕು. ಮೂರನೆಯದನ್ನು ಬಾಯಿಮಾತಿನ ಮೇಲೆ ಎಂದಿಗೂ ಒಪ್ಪಬೇಡಿ, ಕೊನೆಯ ಕಂತಿನ ಹೊತ್ತಿಗೆ ಲಾರಿಯನ್ನು ವರ್ಗಾಯಿಸಿಕೊಡಲು ಮಾಲೀಕರು ಮನಸ್ಸು ಮಾಡದಿದ್ದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಎರಡನೆಯ ಹೆಜ್ಜೆ: ಒಂದು ಸುತ್ತಿನ ಲೆಕ್ಕ. ಕಾಗದ ಪೆನ್ನು ಹಿಡಿದು ಕುಳಿತುಕೊಳ್ಳಬೇಕಾದುದು ಇಲ್ಲಿಯೇ. ಹತ್ತು ಚಕ್ರದ ಲಾರಿಯನ್ನು ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ ಮಾರ್ಗವಾಗಿ ಮುಂಬೈಗೆ ಓಡಿಸುತ್ತೀರೆಂದು ಇಟ್ಟುಕೊಳ್ಳಿ. ಹೋಗಿಬರಲು ಸುಮಾರು 2,000 ಕಿ.ಮೀ. ಲೋಡಿನೊಂದಿಗೆ ಲೀಟರಿಗೆ 4 ಕಿ.ಮೀ. ಕೊಟ್ಟರೆ 500 ಲೀಟರ್ ಡೀಸೆಲ್ ಬೇಕು, ಲೀಟರಿಗೆ ₹90 ಎಂದು ಹಿಡಿದರೂ ₹45,000 ಆಯಿತು. ಟೋಲಿಗೆ ₹12,000, ಬ್ರೋಕರ್ ಕಮಿಷನ್, ಹಮಾಲಿ, ಆಡ್‌ಬ್ಲೂ (ಹೊಗೆಯ ಮಾಲಿನ್ಯ ತಗ್ಗಿಸಲು ಹಾಕುವ ದ್ರವ), ನಿಮ್ಮ ಮತ್ತು ಕ್ಲೀನರ್ ಊಟ ಎಲ್ಲ ಸೇರಿ ₹10,000 ಎಂದುಕೊಳ್ಳೋಣ. ಎರಡೂ ಕಡೆಯ ಬಾಡಿಗೆ ಸೇರಿ ₹90,000 ಬಂದರೆ ಕೈಯಲ್ಲಿ ಉಳಿಯುವುದು ₹23,000. ಈ ಅಂಕಿಗಳು ಮಾದರಿಗಷ್ಟೇ, ನಿಮ್ಮ ಮಾರ್ಗದ ನಿಜವಾದ ಅಂಕಿಗಳನ್ನು ಇವುಗಳ ಜಾಗದಲ್ಲಿ ಬರೆದುಕೊಳ್ಳಿ.

ಬಹಳ ಮಂದಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಟಯರು ಸವೆಯುವುದೂ ಖರ್ಚೇ. ಹತ್ತು ಟಯರಿಗೆ ₹2 ಲಕ್ಷ, ಅವು 80,000 ಕಿ.ಮೀ. ಬಾಳುತ್ತವೆ ಎಂದು ಹಿಡಿದರೆ ಕಿ.ಮೀ.ಗೆ ₹2.50, ಅಂದರೆ ಒಂದು ಸುತ್ತಿಗೆ ₹5,000 ತೆಗೆದಿಡಬೇಕು. ಈಗ ಉಳಿದದ್ದು ₹18,000.

ಇನ್ನು ಈ ಲೆಕ್ಕದಲ್ಲಿ ಎಲ್ಲರೂ ಜಾರುವ ಜಾಗಕ್ಕೆ ಬರೋಣ. ಪಾಲಿನ ಬದಲು ಮೊದಲ ಬಗೆಯ ಲೀಸ್ ಪಡೆದು, ತಿಂಗಳ ಲೀಸ್ ಹಣ ₹50,000 ಎಂದಿದ್ದರೆ, ಅದು ಲಾರಿ ಓಡಿದ ದಿನಗಳಿಗೆ ಮಾತ್ರವಲ್ಲ, ಗೋದಾಮಿನ ಗೇಟಿನ ಮುಂದೆ ಅನ್‌ಲೋಡಿಗೆ ಕಾದ ದಿನಗಳಿಗೂ, ರಿಟರ್ನ್ ಲೋಡ್ ಸಿಗದೆ ಟ್ರಾನ್ಸ್‌ಪೋರ್ಟ್ ಆಫೀಸಿನ ಬಳಿ ಮಲಗಿದ ದಿನಗಳಿಗೂ ಕೊಡಬೇಕಾದ ಹಣ. ಒಂದು ಸುತ್ತಿಗೆ ಏಳೆಂಟು ದಿನ ಹಿಡಿದು ತಿಂಗಳಿಗೆ ನಾಲ್ಕು ಸುತ್ತು ಆದರೆ ₹72,000 ಬಂದು, ಲೀಸ್ ಹಣ ಕಳೆದು ₹22,000 ಉಳಿಯುತ್ತದೆ. ಸುತ್ತಿಗೆ ಹತ್ತು ದಿನವಾಗಿ ಮೂರೇ ಸುತ್ತು ಆದರೆ ಉಳಿಯುವುದು ₹4,000, ಅದರಲ್ಲೇ ಆಯಿಲ್ ಸರ್ವೀಸ್, ಪಂಕ್ಚರ್, ಬ್ರೇಕ್ ಲೈನರ್. ಎರಡೇ ದಿನದ ಕಾಯುವಿಕೆ ಇಷ್ಟು ವ್ಯತ್ಯಾಸ ಮಾಡುತ್ತದೆ. ಆದ್ದರಿಂದ ನೀವು ಹೋಲಿಸಬೇಕಾದುದು ಮೂರು ಸುತ್ತಿನ ತಿಂಗಳ ಉಳಿಕೆಯನ್ನು ನಿಮ್ಮ ಈಗಿನ ಸಂಬಳ ಮತ್ತು ಭತ್ಯೆಯೊಂದಿಗೆ. ಅದರಲ್ಲೂ ಲಾಭ ಕಂಡರೆ ಮಾತ್ರ ಮುಂದುವರಿಯಿರಿ. ಸಿಮೆಂಟ್, ಜಲ್ಲಿಯಂಥ ಲೋಡ್ ನಂಬಿದವರಿಗೆ ಮಳೆಗಾಲದಲ್ಲಿ ಕೆಲಸ ಇಳಿಯುತ್ತದೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಮಂಗಳೂರಿನ ದಾರಿ ಮುಚ್ಚುತ್ತದೆ, 2025ರ ಏಪ್ರಿಲ್‌ನಲ್ಲಿ ಆದಂತೆ ಲಾರಿ ಮುಷ್ಕರವೂ ಆಗಬಹುದು. ಇಂಥ ದಿನಗಳಿಗೆ ಲೀಸ್ ಹಣದಲ್ಲಿ ಕಡಿತ ಉಂಟೇ ಎಂಬುದನ್ನು ಮೊದಲೇ ಕೇಳಿ. ಬಾಡಿಗೆಯ ಬ್ಯಾಲೆನ್ಸ್ ಹಣ ಕೈಗೆ ಬರುವುದು ಲೋಡ್ ಇಳಿಸಿದ ರಸೀದಿ ತಲುಪಿದ ಎಷ್ಟೋ ದಿನಗಳ ನಂತರ. ಹಾಗಾಗಿ ಎರಡು ಸುತ್ತಿನ ಡೀಸೆಲ್‌ಗೆ ಸಾಲುವಷ್ಟು ಸ್ವಂತ ಹಣ ಇಲ್ಲದವರು ಲೀಸಿಗೆ ಕೈಹಾಕಬಾರದು.

ಕೊರತೆಯನ್ನು ಓವರ್‌ಲೋಡ್ ಹಾಕಿ ತುಂಬಿಸಿಕೊಳ್ಳಬಹುದು ಎಂದು ಹೇಳಿಕೊಡುವವರು ಸಿಗುತ್ತಾರೆ. ಹತ್ತು ಚಕ್ರದ ಲಾರಿಗೆ ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ಪ್ರಕಾರ ಲಾರಿಯ ತೂಕವೂ ಸೇರಿ 28.5 ಟನ್ ಮಿತಿ. ಅದನ್ನು ಮೀರಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ದಂಡ ₹20,000, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ ₹2,000. ನಾಲ್ಕು ಟನ್ ಹೆಚ್ಚು ಹಾಕಿ ಸಿಕ್ಕಿಬಿದ್ದರೆ ₹28,000, ಅಂದರೆ ಮೇಲಿನ ಲೆಕ್ಕದ ಒಂದೂವರೆ ಸುತ್ತಿನ ಉಳಿಕೆ ಒಂದೇ ತಪಾಸಣೆಯಲ್ಲಿ ಹೋಗುತ್ತದೆ.

ಮೂರನೆಯ ಹೆಜ್ಜೆ: ದಾಖಲೆಗಳು. ಆರ್‌ಸಿ, ವಿಮೆ, ಎಫ್‌ಸಿ (ಲಾರಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ನ್ಯಾಷನಲ್ ಪರ್ಮಿಟ್, ತೆರಿಗೆ, ಹೊಗೆ ತಪಾಸಣೆಯ ಪತ್ರಗಳನ್ನು ಜೆರಾಕ್ಸಿನಲ್ಲಿ ನೋಡದೆ ಎಂಪರಿವಾಹನ್ ಆ್ಯಪ್‌ನಲ್ಲಿ ಲಾರಿಯ ಸಂಖ್ಯೆ ಹಾಕಿ ಪರಿಶೀಲಿಸಿ, ಬಾಕಿ ಇರುವ ಇ-ಚಲನ್‌ಗಳನ್ನೂ ನೋಡಿ. ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷವೂ ಎಫ್‌ಸಿ ಮಾಡಿಸಬೇಕಾಗುವುದರಿಂದ, ಅಂಥ ಲಾರಿಯನ್ನು ಲೀಸಿಗೆ ಪಡೆಯದಿರುವುದೇ ಒಳಿತು. ಎಲ್ಲಕ್ಕಿಂತ ಮುಖ್ಯವಾಗಿ, ಆರ್‌ಸಿಯಲ್ಲಿ ಫೈನಾನ್ಸಿನ ಹೆಸರಿದೆಯೇ ಎಂಬುದನ್ನು ಗಮನಿಸಿ. ನೀವು ತಪ್ಪದೆ ಲೀಸ್ ಹಣ ಕೊಟ್ಟಿದ್ದರೂ ಮಾಲೀಕರು ಕಂತು ಕಟ್ಟದಿದ್ದರೆ ಫೈನಾನ್ಸಿನವರು ಲಾರಿಯನ್ನು ನಡುದಾರಿಯಲ್ಲಿ, ಲೋಡಿನ ಸಮೇತ, ಹಿಡಿದುಬಿಡಬಹುದು. ಸಾಲದ ಲಾರಿಯಾದರೆ ಕಂತಿನ ಮೊತ್ತವನ್ನು ನೀವೇ ನೇರವಾಗಿ ಸಾಲದ ಖಾತೆಗೆ ಕಟ್ಟಿ, ಉಳಿದುದನ್ನು ಮಾತ್ರ ಮಾಲೀಕರಿಗೆ ಕೊಡುವ ಏರ್ಪಾಡು ಮಾಡಿಕೊಳ್ಳಿ. ಇದಕ್ಕೆ ಒಪ್ಪದ ಮಾಲೀಕರ ಲಾರಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ನಾಲ್ಕನೆಯ ಹೆಜ್ಜೆ: ವಿಮೆ. ಸಂಬಳದ ಚಾಲಕರಾಗಿದ್ದಾಗ ಕೆಲಸದ ವೇಳೆ ಅಪಘಾತವಾದರೆ ಮಾಲೀಕರಿಂದ ಪರಿಹಾರ ಕೇಳುವ ಹಕ್ಕು ಕಾರ್ಮಿಕ ಕಾನೂನಿನಡಿ ನಿಮಗಿರುತ್ತದೆ. ಲೀಸಿಗೆ ಪಡೆದ ಮೇಲೆ ನೀವು ನೌಕರರಲ್ಲ ಎಂಬ ವಾದ ಎದುರಾಗುತ್ತದೆ. ಪಾಲಿಸಿಯಲ್ಲಿರುವ ₹15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೇ ಹೊರತು ನಿಮಗಲ್ಲ. ಎರವಲು ಪಡೆದ ವಾಹನ ಓಡಿಸುವವರು ಮಾಲೀಕರ ಸ್ಥಾನದಲ್ಲೇ ನಿಲ್ಲುತ್ತಾರೆ, ಹಾಗಾಗಿ ಮೂರನೆಯ ವ್ಯಕ್ತಿಯಂತೆ ಪರಿಹಾರ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ ಕರ್ನಾಟಕದ ಬೈಕ್ ಅಪಘಾತವೊಂದರ ಪ್ರಕರಣದಲ್ಲಿ 2009ರಲ್ಲಿಯೇ ಹೇಳಿದೆ. ಅಂದರೆ ನೀವು ಸತ್ತರೂ ಕೈಕಾಲು ಕಳೆದುಕೊಂಡರೂ ಮನೆಯವರು ಬರಿಗೈಯಲ್ಲಿ ಉಳಿಯುವ ಅಪಾಯವಿದೆ. ನಿಮ್ಮ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿಕೊಂಡು, ಲಾರಿ ಲೀಸಿನಲ್ಲಿರುವ ವಿಷಯವನ್ನು ಮಾಲೀಕರಿಂದ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿದ ನಂತರವೇ ಸ್ಟೀರಿಂಗ್ ಹಿಡಿಯಿರಿ.

ಐದನೆಯ ಹೆಜ್ಜೆ: ಲಾರಿಯ ಪರೀಕ್ಷೆ. ನಿಮ್ಮ ನಂಬಿಕೆಯ ಮೆಕ್ಯಾನಿಕ್ ಅವರನ್ನು ಕರೆದೊಯ್ದು ಲೋಡ್ ಹಾಕಿ ಓಡಿಸಿ ನೋಡಿ. ಬಿಎಸ್-6, ಅಂದರೆ ಈಗಿನ ಹೊಗೆ ಮಾನದಂಡದ ಲಾರಿಯಾದರೆ ಮಾಲೀಕರು ಎಲ್ಲಿಯ ಆಡ್‌ಬ್ಲೂ ಹಾಕಿಸುತ್ತಿದ್ದರು ಎಂದು ವಿಚಾರಿಸಿ. ರಸ್ತೆಬದಿಯಲ್ಲಿ ಹೆಸರಿಲ್ಲದ ಕ್ಯಾನುಗಳಲ್ಲಿ ಮಾರುವ ಅಗ್ಗದ ದ್ರವ ಸೈಲೆನ್ಸರ್ ಕಡೆಯ ವ್ಯವಸ್ಥೆಯನ್ನೇ ಹಾಳುಮಾಡುತ್ತದೆ, ಆ ರಿಪೇರಿ ಸಣ್ಣ ಖರ್ಚಿನದಲ್ಲ. ಆಡ್‌ಬ್ಲೂ ಸೆನ್ಸರನ್ನೇ ತಪ್ಪಿಸಿಕೊಡುತ್ತೇನೆ ಎನ್ನುವ ಗ್ಯಾರೇಜುಗಳ ಅಡ್ಡದಾರಿಯನ್ನೂ ಹಿಡಿಯಬೇಡಿ.

ಕೊನೆಯದು ಕರಾರು. ಛಾಪಾ ಕಾಗದದಲ್ಲಿ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬರೆಸಿ. ಎಂಜಿನ್, ಗೇರ್‌ಬಾಕ್ಸ್, ಹೌಸಿಂಗಿನ ದೊಡ್ಡ ರಿಪೇರಿ, ವಿಮೆ ಮತ್ತು ಎಫ್‌ಸಿ ಮಾಲೀಕರದು, ಡೀಸೆಲ್, ಆಯಿಲ್, ಪಂಕ್ಚರ್ ಮತ್ತು ನಿಮ್ಮ ಅವಧಿಯ ದಂಡಗಳು ನಿಮ್ಮವು ಎಂದು ಬಿಡಿಸಿ ಬರೆಯಬೇಕು. ದೊಡ್ಡ ರಿಪೇರಿಗೆ ಗ್ಯಾರೇಜಿನಲ್ಲಿ ನಿಂತ ದಿನಗಳ ಲೀಸ್ ಹಣ ಮಾಫಿ ಎಂಬ ಸಾಲು ಇರಲೇಬೇಕು. ಫಾಸ್ಟ್ಯಾಗ್ ಮಾಲೀಕರ ಖಾತೆಯಲ್ಲಿದ್ದರೆ ರೀಚಾರ್ಜ್ ಯಾರದು, ಉಳಿಕೆ ಯಾರದು ಎಂಬುದನ್ನೂ ನಮೂದಿಸಿ. ಲಾರಿ ಬಿಡಲು ಎಷ್ಟು ದಿನದ ಮುನ್ಸೂಚನೆ ಬೇಕು, ಡೆಪಾಸಿಟ್ ಯಾವಾಗ ವಾಪಸ್ ಎಂಬುದಕ್ಕೆ ದಿನಾಂಕ ಸಮೇತ ಬರಹವಿರಲಿ. ಬೀಗದ ಕೈ ಪಡೆಯುವ ದಿನ ಮೀಟರಿನ ಕಿ.ಮೀ., ಹತ್ತು ಟಯರುಗಳ ಹಾಗೂ ಸ್ಟೆಪ್ನಿಯ ಮೇಲೆ ಅಚ್ಚಾದ ಸಂಖ್ಯೆ, ಬ್ಯಾಟರಿ, ಜಾಕಿ, ಟಾರ್ಪಾಲು, ಹಗ್ಗಗಳನ್ನು ಪಟ್ಟಿ ಮಾಡಿ, ಫೋಟೊ ತೆಗೆದು, ಆ ಪಟ್ಟಿಗೂ ಮಾಲೀಕರ ಸಹಿ ಹಾಕಿಸಿಕೊಳ್ಳಿ.