ರೈಸ್ ಕುಕ್ಕರಿನ ಪವರ್ ಕಾರ್ಡ್ ಕಳೆದುಹೋದಾಗ ಸರಿಯಾದ ಬದಲಿಯನ್ನು ಆರಿಸುವ ಬಗೆ

ಮನೆ ಬದಲಿಸುವಾಗ, ಇಲ್ಲವೇ ಸಮಾರಂಭಕ್ಕೆಂದು ಬಂಧುಗಳ ಮನೆಗೆ ಒಯ್ದು ತರುವಾಗ, ಎಲೆಕ್ಟ್ರಿಕ್ ರೈಸ್ ಕುಕ್ಕರ್ ಮನೆಗೆ ಮರಳಿದರೂ ಅದರ ಪವರ್ ಕಾರ್ಡ್ ಎಲ್ಲೋ ಉಳಿದುಬಿಡುತ್ತದೆ. ಆಗ ಹೆಚ್ಚಿನವರು ಕಂಪ್ಯೂಟರಿನದೋ ಪ್ರಿಂಟರಿನದೋ ಹಳೆಯ ಕೇಬಲ್ ಒಂದನ್ನು ಹುಡುಕಿ ತಂದು ಸಿಕ್ಕಿಸಿ ನೋಡುತ್ತಾರೆ. ಅದು ಸರಿಯಾಗಿ ಕೂತು ಅನ್ನವೂ ಬೆಂದರೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಆದರೆ ಕುಕ್ಕರಿಗೆ ಕೂರುವ ಕಾರ್ಡ್ ಅದರ ಹೊರೆಯನ್ನು ತಾಳುವ ಕಾರ್ಡ್ ಆಗಿರಲೇಬೇಕೆಂದಿಲ್ಲ. ಆದ್ದರಿಂದ ಸಿಕ್ಕಿಸಿ ನೋಡುವ ಮೊದಲೇ ಪರಿಶೀಲಿಸಬೇಕಾದ ಕೆಲವು ಸಂಗತಿಗಳಿವೆ.

ಮೊದಲು ಕುಕ್ಕರನ್ನು ಮಗುಚಿ, ತಳದಲ್ಲೋ ಹಿಂಬದಿಯಲ್ಲೋ ಅಂಟಿಸಿರುವ ವಿವರದ ಪಟ್ಟಿಯನ್ನು ಓದಬೇಕು. ಭಾರತಕ್ಕೆಂದು ತಯಾರಾದ ಉಪಕರಣದ ಮೇಲೆ 230 ವೋಲ್ಟ್, 50 ಹರ್ಟ್ಸ್ ಎಂದೂ ಅದರ ಜೊತೆಗೆ ವ್ಯಾಟ್ ಎಷ್ಟೆಂದೂ ಬರೆದಿರುತ್ತದೆ. ವ್ಯಾಟನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ವಿದ್ಯುತ್ತು ಆಂಪಿಯರಿನಲ್ಲಿ ಸಿಗುತ್ತದೆ: 700 ವ್ಯಾಟಿನ ಕುಕ್ಕರ್ ಸುಮಾರು 3 ಆಂಪ್, 1000 ವ್ಯಾಟಿನದು 4.3 ಆಂಪ್, 1500 ವ್ಯಾಟಿನ ಉಪಕರಣವಾದರೆ 6.5 ಆಂಪ್. ಈ ಕೊನೆಯ ಅಂಕಿಯನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಸಣ್ಣ ಮೂರು ಪಿನ್ನಿನ ಪ್ಲಗ್‌ನ ಮಿತಿ 6 ಆಂಪ್ ಮಾತ್ರ. ಅದನ್ನು ಮೀರಿದ ಹೊರೆಗೆ ದಪ್ಪ ಪಿನ್ನುಗಳ 16 ಆಂಪ್ ಪ್ಲಗ್ಗೂ ಅದಕ್ಕೆ ತಕ್ಕ ಸಾಕೆಟ್ಟೂ ಬೇಕು.

ಅಮೆರಿಕದಿಂದ ಮರಳುವ ನಮ್ಮವರು ಅಲ್ಲಿ ಕೊಂಡ ಕುಕ್ಕರನ್ನೂ ಸಾಮಾನಿನ ಜೊತೆ ತರುವುದುಂಟು. ಪಟ್ಟಿಯ ಮೇಲೆ 120 ವೋಲ್ಟ್, 60 ಹರ್ಟ್ಸ್ ಎಂದಷ್ಟೇ ಇದ್ದರೆ ಕಾರ್ಡ್ ಬದಲಿಸಿ ಇಲ್ಲಿನ ಸಾಕೆಟ್ಟಿಗೆ ಹಾಕಲೇಬಾರದು. ವೋಲ್ಟೇಜ್ ಹೆಚ್ಚು ಕಡಿಮೆ ಇಮ್ಮಡಿಯಾದಾಗ ಕಾಯಿಸುವ ಸುರುಳಿಯಲ್ಲಿ ಉಂಟಾಗುವ ಶಾಖ ಮೂರೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಕಾರ್ಡ್ ಎಷ್ಟೇ ಒಳ್ಳೆಯದಾಗಿದ್ದರೂ ಆ ಕುಕ್ಕರನ್ನು ಅದು ಉಳಿಸಲಾರದು.

ಎರಡನೆಯದಾಗಿ, ಕಾರ್ಡ್ ಸೇರುವ ಕುಕ್ಕರಿನ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಈಗಿನ ಹಲವು ಕುಕ್ಕರುಗಳಲ್ಲಿ ಮೂರು ಚಪ್ಪಟೆ ಪಿನ್ನುಗಳಿರುತ್ತವೆ. ಕೆಲವು ಹಳೆಯ ಕುಕ್ಕರುಗಳಲ್ಲಿ ಇಸ್ತ್ರಿ ಪೆಟ್ಟಿಗೆಗಳಲ್ಲಿದ್ದಂತಹ ದುಂಡು ಪಿನ್ನುಗಳಿರುತ್ತವೆ. ಚಪ್ಪಟೆ ಪಿನ್ನಿನ ಬಾಯಿಗಳಲ್ಲಿಯೂ ಎರಡು ಬಗೆಗಳಿವೆ. ಕಂಪ್ಯೂಟರಿಗೆ ಬಳಸುವ ಸಿ13 ಎಂಬ ಕನೆಕ್ಟರ್ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನಷ್ಟೇ ತಾಳುವಂತೆ ರೂಪಿಸಿದ್ದು. ಬಿಸಿಯಾಗುವ ಉಪಕರಣಗಳಿಗೆಂದೇ ಇರುವ ಸಿ15 ಕನೆಕ್ಟರ್ 120 ಡಿಗ್ರಿಯವರೆಗೆ ತಾಳುತ್ತದೆ. ಎರಡೂ ನೋಡಲು ಒಂದೇ ರೀತಿ ಇದ್ದರೂ ಸಿ15ರ ಮುಖದಲ್ಲಿ ಅರ್ಥಿಂಗ್ ತೂತಿಗೆ ಎದುರಿನ ಬದಿಯಲ್ಲಿ ಒಂದು ಸಣ್ಣ ಗೀರು ಇರುತ್ತದೆ, ಅದಕ್ಕೆ ಹೊಂದುವ ಏಣು ಉಪಕರಣದ ಬಾಯಿಯಲ್ಲಿರುತ್ತದೆ. ಆ ಏಣು ಇದ್ದರೆ ಕಂಪ್ಯೂಟರಿನ ಕೇಬಲ್ ಒಳಗೆ ಹೋಗುವುದಿಲ್ಲ. ಹಾಗೆ ಹೋಗದಿರಲೆಂದೇ ಅದನ್ನು ಇಟ್ಟಿರುವುದರಿಂದ, ಚಾಕುವಿನಿಂದ ಕನೆಕ್ಟರನ್ನು ಕೆತ್ತಿ ತೂರಿಸುವ ಜಾಣತನವನ್ನು ದಯವಿಟ್ಟು ಯಾರೂ ಮಾಡಬಾರದು. ಏಣು ಇಲ್ಲದ ಬಾಯಿಗೆ ಎರಡೂ ಬಗೆಯವು ಕೂರುತ್ತವೆ. ಅಡುಗೆಮನೆಯ ಉಪಕರಣಕ್ಕೆ ಸಿ15 ಸಿಕ್ಕರೆ ಅದನ್ನೇ ಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇಷ್ಟರ ನಂತರ ಬರುವುದು ತಂತಿಯ ದಪ್ಪದ ವಿಚಾರ. ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಇದೇ, ಬೆಂಕಿಗೆ ದಾರಿಯಾಗುವುದೂ ಇದೇ. ಕಾರ್ಡಿನ ಮೈಮೇಲೆ ಸಣ್ಣ ಅಕ್ಷರಗಳಲ್ಲಿ 3 × 0.75 ಎಂಬಂತಹ ಬರಹವಿರುತ್ತದೆ; ಒಳಗೆ ಮೂರು ತಂತಿಗಳಿವೆ, ಪ್ರತಿಯೊಂದೂ 0.75 ಚದರ ಮಿಲಿಮೀಟರ್ ಎಂದು ಅದರ ಅರ್ಥ. 6 ಆಂಪ್‌ವರೆಗಿನ ಹೊರೆಗೆ 0.75, 10 ಆಂಪ್‌ವರೆಗೆ 1.0, 16 ಆಂಪ್‌ಗೆ 1.5 ಎಂದು ಇಟ್ಟುಕೊಂಡರೆ ಮನೆಬಳಕೆಗೆ ಸಾಕು. ತಂತಿಯ ಈ ಚದರ ಮಿಲಿಮೀಟರ್ ಅಳತೆ ಅರ್ಧವಾದರೆ ಅದರ ರೋಧ ಇಮ್ಮಡಿಯಾಗುತ್ತದೆ, ಅದೇ ಹೊರೆಗೆ ಅದು ಕಾಯುವ ಪ್ರಮಾಣವೂ ಇಮ್ಮಡಿಯಾಗುತ್ತದೆ. ಅಗ್ಗದ ಕಾರ್ಡುಗಳಲ್ಲಿ ತಾಮ್ರದ ಬದಲು ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಎಳೆಗಳನ್ನು ಬಳಸಿರುವುದೂ ಇದೆ. ಹೊರಗಿನ ಪ್ಲಾಸ್ಟಿಕ್ ದಪ್ಪವಾಗಿದ್ದ ಮಾತ್ರಕ್ಕೆ ಒಳಗಿನ ತಂತಿ ದಪ್ಪವೆಂದು ನಂಬುವಂತಿಲ್ಲ. ಅಂಗಡಿಗೆ ಹೋಗುವಾಗ ಒಂದು ಸಣ್ಣ ಆಯಸ್ಕಾಂತವನ್ನು ಒಯ್ಯಿರಿ. ಹಿತ್ತಾಳೆಯ ಪಿನ್ನಾಗಲಿ ತಾಮ್ರದ ತಂತಿಯಾಗಲಿ ಆಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ಅಂಟಿಕೊಂಡರೆ ಆ ಕಾರ್ಡನ್ನು ಅಲ್ಲಿಯೇ ಬಿಟ್ಟು ಬನ್ನಿ. ಆದರೆ ಅಲ್ಯೂಮಿನಿಯಂ ಇದ್ದರೆ ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ.

ಕಾರ್ಡ್ ಕಾದರೆ ಎಂಸಿಬಿ (ಹೊರೆ ಮಿತಿಮೀರಿದಾಗ ವಿದ್ಯುತ್ ಕಡಿಯುವ, ಮೀಟರ್ ಬೋರ್ಡಿನ ಸ್ವಿಚ್) ತಾನಾಗಿಯೇ ಬೀಳುತ್ತದೆಯಲ್ಲ ಎಂದು ಹಲವರು ಕೇಳುತ್ತಾರೆ. ಎಂಸಿಬಿ ಇರುವುದು ಗೋಡೆಯೊಳಗಿನ ವೈರಿಂಗನ್ನು ಕಾಯುವುದಕ್ಕೆ. 16 ಆಂಪ್‌ನ ಎಂಸಿಬಿಯ ದೃಷ್ಟಿಯಲ್ಲಿ 7 ಆಂಪ್ ಒಂದು ಹೊರೆಯೇ ಅಲ್ಲ. ಅಷ್ಟರಲ್ಲಿ ಬಡಕಲು ಕಾರ್ಡಿನ ಪ್ಲಾಸ್ಟಿಕ್ ಮೆತ್ತಗಾಗಿ ಕರಗತೊಡಗಿರುತ್ತದೆ. ಬ್ರಿಟನ್ನಿನ ಪ್ಲಗ್ಗುಗಳ ಒಳಗೆ ಒಂದು ಫ್ಯೂಸ್ ಇರುತ್ತದೆ, ನಮ್ಮ ಪ್ಲಗ್ಗುಗಳಲ್ಲಿ ಅದಿಲ್ಲ. ಆದ್ದರಿಂದ ಇಲ್ಲಿ ಕಾರ್ಡಿನ ಸುರಕ್ಷತೆ ಬಹುಮಟ್ಟಿಗೆ ನಮ್ಮ ಆಯ್ಕೆಯನ್ನೇ ಅವಲಂಬಿಸಿದೆ.

ಕೊಳ್ಳುವಾಗ ಪ್ಲಗ್‌ನ ಮೇಲೆ ಐಎಸ್‌ಐ ಗುರುತು, ಅದರ ಮೇಲ್ಗಡೆ ಐಎಸ್ 1293 ಎಂಬ ಸಂಖ್ಯೆ, ಕೆಳಗಡೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇವೆಯೇ ಎಂದು ನೋಡಬೇಕು. ಕೇಬಲ್ಲಿಗೆ ಸಂಬಂಧಿಸಿದ ಮಾನಕ ಐಎಸ್ 694. ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾವ ತಯಾರಕರದು, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಕುಕ್ಕರ್ ತಯಾರಿಸಿದ ಕಂಪನಿಯ ಸರ್ವಿಸ್ ಸೆಂಟರಿನಲ್ಲಿಯೇ ಕಾರ್ಡ್ ಸಿಗುವುದಾದರೆ, ಬೆಲೆ ತುಸು ಹೆಚ್ಚಾದರೂ ಅದನ್ನೇ ತರುವುದು ಎಲ್ಲಕ್ಕಿಂತ ಉತ್ತಮ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಎಲ್ಲ ಬಗೆಯ ಕಾರ್ಡುಗಳೂ ಸಿಗುತ್ತವೆ. ಅಲ್ಲಿ ಕೊಳ್ಳುವುದಾದರೆ ಕುಕ್ಕರಿನ ಬಾಯಿಯ ಮತ್ತು ವಿವರದ ಪಟ್ಟಿಯ ಫೋಟೋಗಳನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಬಿಲ್ ಕೇಳಿ ಪಡೆಯಿರಿ.

ಮೂರನೆಯ ಪಿನ್ನಿನ ವಿಷಯದಲ್ಲಿ ರಾಜಿ ಬೇಡ. ಕುಕ್ಕರಿನ ಮೈ ಲೋಹದ್ದು, ಸುತ್ತ ನೀರು, ನಿಂತ ನೆಲವೂ ಒದ್ದೆ. ಒಳಗಿನ ಫೇಸ್ ತಂತಿ ಸಡಿಲವಾಗಿ ಮೈಗೆ ತಗುಲಿದರೆ ಆ ವಿದ್ಯುತ್ತು ಅರ್ಥಿಂಗ್ ತಂತಿಯ ಮೂಲಕ ಭೂಮಿಗೆ ಹರಿಯಬೇಕು. ಆ ತಂತಿ ಇಲ್ಲದಿದ್ದರೆ ಮುಚ್ಚಳ ತೆರೆಯಲು ಬಂದವರ ಮೈಯ ಮೂಲಕ ಹರಿಯುತ್ತದೆ. ಉದ್ದನೆಯ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕುವುದು, ಪ್ಲಗ್ ಇಲ್ಲದ ತಂತಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿನಲ್ಲಿ ಸಿಕ್ಕಿಸುವುದು, ಎರಡು ತುಂಡುಗಳನ್ನು ಹೆಣೆದು ಟೇಪು ಸುತ್ತುವುದು, ಇವೆಲ್ಲ ಒಂದು ದಿನದ ಮಟ್ಟಿಗೂ ಮಾಡಬಾರದ ಕೆಲಸಗಳು. ಒಂದು ದಿನ ಅನ್ನವನ್ನು ಒಲೆಯ ಮೇಲೆ ಬೇಯಿಸಿದರೆ ಆಗುವ ನಷ್ಟವೇನೂ ಇಲ್ಲ.

ಮಲ್ಟಿಮೀಟರ್ ಇದ್ದು ಅದನ್ನು ಬಳಸಲು ಬಲ್ಲವರು, ಗೋಡೆಗೆ ಪ್ಲಗ್ ಹಾಕುವ ಮೊದಲೇ, ಹೊಸ ಕಾರ್ಡನ್ನು ಕುಕ್ಕರಿಗೆ ಸೇರಿಸಿ ಮೂರು ಅಳತೆಗಳನ್ನು ತೆಗೆದುಕೊಳ್ಳಬಹುದು. ಉದ್ದನೆಯ ಪಿನ್ನಿಗೂ ಕುಕ್ಕರಿನ ಬಣ್ಣವಿಲ್ಲದ ಲೋಹದ ಭಾಗಕ್ಕೂ ನಡುವೆ ರೋಧ ಹೆಚ್ಚು ಕಡಿಮೆ ಸೊನ್ನೆ ಇರಬೇಕು. ಉಳಿದ ಎರಡು ಪಿನ್ನುಗಳಲ್ಲಿ ಯಾವುದಕ್ಕೂ ಮೈಗೂ ಸಂಪರ್ಕ ಇರಕೂಡದು. ಆ ಎರಡು ಪಿನ್ನುಗಳ ನಡುವೆ, ಪಾತ್ರೆ ಇಟ್ಟು ಗುಂಡಿಯನ್ನು ಒತ್ತಿದಾಗ, 700 ವ್ಯಾಟಿನ ಕುಕ್ಕರಿನಲ್ಲಿ ಸುಮಾರು 75 ಓಮ್ ತೋರಿಸಬೇಕು. ಮೀಟರ್ ಬಳಸಿ ರೂಢಿಯಿಲ್ಲದವರು ಪರಿಚಯದ ಎಲೆಕ್ಟ್ರಿಷಿಯನ್‌ನಿಂದ ಇದನ್ನು ಮಾಡಿಸಬೇಕು, ಅದೇ ಹೊತ್ತಿಗೆ ಅಡುಗೆಮನೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ನಿಜವಾಗಿಯೂ ಇದೆಯೇ ಎಂಬುದನ್ನೂ ನೋಡಿಸಬೇಕು. ಸಾಕೆಟ್ಟಿನಲ್ಲಿಯೇ ಅದಿಲ್ಲದಿದ್ದರೆ ಕಾರ್ಡಿನ ಮೂರನೆಯ ತಂತಿಯಿಂದ ಏನೂ ಪ್ರಯೋಜನವಿಲ್ಲ.

ಮೊದಲ ಬಾರಿ ಬಳಸುವಾಗ ಸ್ವಿಚ್ ಆರಿಸಿಯೇ ಇರಲಿ. ಒಣಗಿದ ಕೈಯಿಂದ ಕನೆಕ್ಟರನ್ನು ಕುಕ್ಕರಿನ ಬಾಯಿಗೆ ಪೂರ್ತಿ ಒತ್ತಿ, ಬಳಿಕ ಪ್ಲಗ್ಗನ್ನು ಗೋಡೆಗೆ ಹಾಕಿ, ಕೊನೆಯಲ್ಲಿ ಸ್ವಿಚ್ ಒತ್ತಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ಕಾರ್ಡ್ ಒಲೆಯ ಹತ್ತಿರ ಹಾಯುವುದೂ ಕಟ್ಟೆಯಿಂದ ಕೆಳಗೆ ಇಳಿಬೀಳುವುದೂ ಬೇಡ. ಹತ್ತು ನಿಮಿಷಗಳ ನಂತರ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಾರ್ಡಿನ ಉದ್ದವನ್ನೂ ಕನೆಕ್ಟರನ್ನೂ ಮುಟ್ಟಿ ನೋಡಿ. ತುಸು ಬೆಚ್ಚಗಿದ್ದರೆ ತೊಂದರೆಯಿಲ್ಲ. ಕಾರ್ಡಿನ ಉದ್ದಕ್ಕೂ ಬಿಸಿಯಿದ್ದರೆ ತಂತಿ ತೆಳುವೆಂದು ಅರ್ಥ, ಹಿಂದಿರುಗಿಸಿಬಿಡಿ. ಪ್ಲಗ್ ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಗೋಡೆಯ ಸಾಕೆಟ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಕುಕ್ಕರಿನ ತುದಿಯಲ್ಲಿ ಮಾತ್ರ ಸುಡುತ್ತಿದ್ದು, ಅದರ ಪಿನ್ನುಗಳು ಕಪ್ಪಾಗಿದ್ದರೆ ಅಥವಾ ಅಲ್ಲಾಡುತ್ತಿದ್ದರೆ, ದೋಷ ಕುಕ್ಕರಿನಲ್ಲಿಯೇ ಇದೆ. ಆ ಬಾಯಿಯನ್ನು ಬದಲಾಯಿಸುವವರೆಗೆ ಎಷ್ಟು ಕಾರ್ಡ್ ತಂದರೂ ಒಂದೊಂದಾಗಿ ಸುಟ್ಟುಹೋಗುವುದರಿಂದ ಅದನ್ನು ಸರ್ವಿಸ್ ಸೆಂಟರಿಗೆ ಕೊಂಡೊಯ್ಯಬೇಕು.