ಸೊಪ್ಪಿನ ಬೆಟ್ಟ ಮತ್ತೆ ಕಾಡಾಗಲು ನಾನು ಮಾಡಿದ್ದು

ನಮ್ಮ ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟ ಇದೆ ಅಂದರೆ ಅದರ ಹಿಂದೊಂದು ಸೊಪ್ಪಿನ ಬೆಟ್ಟವೂ ಇರುತ್ತದೆ. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು. ಜಾಗ ಸರ್ಕಾರದ್ದು. ನಮಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು ತರುವ ಹಕ್ಕು ಮಾತ್ರ. ಒಂದಕ್ಕೆ ಒಂಬತ್ತು ಅನ್ನುವ ಈ ಲೆಕ್ಕವನ್ನು ಸ್ವಲ್ಪ ಯೋಚಿಸಿ ನೋಡಿ. ಬೆಟ್ಟದ ಎಲೆ ಕೊಟ್ಟಿಗೆಗೆ ಬಂದು, ದನದ ಕಾಲಡಿ ತುಳಿದು ಗೊಬ್ಬರವಾಗಿ, ಅಡಿಕೆ ಬುಡ ಸೇರಬೇಕು. ಪುಸ್ತಕದಲ್ಲಿ ಪೋಷಕಾಂಶಗಳ ಚಕ್ರ ಅಂತ ಚಿತ್ರ ಬರೆದು ತೋರಿಸುತ್ತಾರಲ್ಲ, ಅದು ನಮ್ಮಲ್ಲಿ ತಲೆಹೊರೆಯಲ್ಲೇ ನಡೆಯುತ್ತಿತ್ತು.

ಬೆಟ್ಟದ ಉಸ್ತುವಾರಿ ನನ್ನ ಕೈಗೆ ಬಂದಾಗ ಅದು ಹೆಸರಿಗಷ್ಟೇ ಬೆಟ್ಟವಾಗಿತ್ತು. ಮತ್ತಿ, ಹೊನ್ನೆ, ನಂದಿ ಮರಗಳು ಕೊಂಬೆ ಕಡಿಸಿಕೊಂಡು ಕಂಬದ ಹಾಗೆ ನಿಂತಿದ್ದವು. ದರಕನ್ನು ವರ್ಷಾ ವರ್ಷ ಗುಡಿಸಿ ಗುಡಿಸಿ ಕೆಂಪು ಜಂಬಿಟ್ಟಿಗೆ ಮಣ್ಣು ಬತ್ತಲಾಗಿತ್ತು. ಬಿಸಿಲು ಬಿದ್ದ ಕಡೆಯೆಲ್ಲ ಯುಪಟೋರಿಯಂ ಮತ್ತು ಲಂಟಾನ ಕಳೆಗಿಡಗಳು, ಅಂಚಿನಲ್ಲಿ ಅಕೇಶಿಯಾ ಮರಗಳು. ಗಿಡ ನೆಡಬೇಕು ಅಂತ ಎಲ್ಲರೂ ಹೇಳಿದರು. ನಾನು ನೆಟ್ಟಿದ್ದು ಕಡಿಮೆ. ಮಣ್ಣು, ಬೆಳಕು, ಬೀಜ, ಈ ಮೂರನ್ನು ಸರಿ ಮಾಡಿದರೆ ಉಳಿದದ್ದನ್ನು ಬೆಟ್ಟ ತಾನೇ ಮಾಡಿಕೊಳ್ಳುತ್ತದೆ ಅನ್ನುವುದು ಆಗಲೂ ನನ್ನ ನಂಬಿಕೆ, ಈಗಲೂ ಅದೇ.

ಮೊದಲು ಮಣ್ಣು. ಬೆಟ್ಟವನ್ನು ಮೂರು ಭಾಗ ಮಾಡಿಕೊಂಡೆ. ಒಂದು ಭಾಗದಿಂದ ದರಕು, ಸೊಪ್ಪು ತಂದರೆ ಮುಂದಿನ ಎರಡು ವರ್ಷ ಆ ಕಡೆ ಕತ್ತಿ, ಬುಟ್ಟಿ ಎರಡೂ ಹೋಗುವುದಿಲ್ಲ. ಸೊಪ್ಪು ಕಡಿಯುವಾಗಲೂ ಮರದ ತಲೆ ಮುಟ್ಟುವುದಿಲ್ಲ, ಕೆಳಗಿನ ಕೊಂಬೆ ಮಾತ್ರ. ನಮ್ಮಲ್ಲಿ ಸುರಿಯುವ ಮಳೆ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ, ಆ ಹನಿ ನೇರ ಬತ್ತಲೆ ಮಣ್ಣಿಗೆ ಬಡಿದರೆ ಮಣ್ಣಿನ ಮೇಲ್ಪದರ ಗಾರೆ ಹಾಕಿದ ಹಾಗೆ ಮುಚ್ಚಿಕೊಳ್ಳುತ್ತದೆ, ನೀರು ಒಳಗಿಳಿಯದೆ ಕೆಂಪಾಗಿ ಹಳ್ಳಕ್ಕೆ ಓಡುತ್ತದೆ. ಅದೇ ಹನಿ ದರಕಿನ ಮೇಲೆ ಬಿದ್ದರೆ ನಿಧಾನಕ್ಕೆ ಇಳಿಯುತ್ತದೆ. ಇಂಗುಗುಂಡಿ ನಾನೂ ತೆಗೆಸಿದ್ದೇನೆ, ಇಳಿಜಾರು ಕಡಿಮೆ ಇದ್ದ ಕಡೆ ಮಾತ್ರ. ಕಡಿದಾದ ದರೆಯ ಮೇಲೆ ಗುಂಡಿ ತೋಡಿ ನೀರು ನಿಲ್ಲಿಸಬೇಡಿ, ಮಣ್ಣು ನೀರು ಕುಡಿದು ಭಾರವಾಗಿ ಕುಸಿಯುವ ಅಪಾಯ ಇದೆ. ಅಲ್ಲಿಗೆ ದರಕು ಮತ್ತು ಬೇರು ಸಾಕು.

ಎಲ್ಲ ಎಲೆಯೂ ಒಂದೇ ಅಲ್ಲ ಅನ್ನುವುದನ್ನು ಕಣ್ಣಾರೆ ನೋಡಬೇಕಿದ್ದರೆ ಒಂದು ಸುಲಭದ ಕೆಲಸ ಇದೆ. ಎರಡು ಈರುಳ್ಳಿ ಚೀಲ ತಗೊಳ್ಳಿ, ಬಲೆ ಬಲೆಯಾಗಿರುತ್ತದಲ್ಲ ಅದು. ಒಂದರಲ್ಲಿ ಮತ್ತಿ, ನೇರಲೆ, ಹಲಸು ಎಲ್ಲ ಬೆರೆಸಿದ ಒಣ ಎಲೆ, ಇನ್ನೊಂದರಲ್ಲಿ ಅಷ್ಟೇ ತೂಕದ ಅಕೇಶಿಯಾ ಎಲೆ ತುಂಬಿ ಮಳೆಗೆ ಮುಂಚೆ ಮರದಡಿ ಇಟ್ಟುಬಿಡಿ. ನಾನು ದೀಪಾವಳಿ ಹೊತ್ತಿಗೆ ಬಿಚ್ಚಿ ನೋಡಿದೆ. ಬೆರಕೆ ಎಲೆಯ ಚೀಲ ಚಪ್ಪಟೆಯಾಗಿತ್ತು. ಮತ್ತಿ ಎಲೆಯ ನರ ಮಾತ್ರ ಜರಡಿಯಂತೆ ಉಳಿದಿತ್ತು, ನಡುವೆ ಬೂಷ್ಟಿನ ಬಿಳಿ ಎಳೆ, ಸಹಸ್ರಪದಿಯ ಮರಿಗಳು, ಕೆಳಗೆ ಎರೆಹುಳದ ಹಿಕ್ಕೆ. ಅಕೇಶಿಯಾ ಚೀಲದಲ್ಲಿ ಬಣ್ಣ ಕಪ್ಪಾಗಿತ್ತು, ಎಲೆ ಎಲೆಯಾಗಿಯೇ ಇತ್ತು. ಅದು ನಿಜವಾಗಿ ಎಲೆಯೂ ಅಲ್ಲ, ಎಲೆಯ ತೊಟ್ಟೇ ಅಗಲವಾಗಿ ದಪ್ಪಗಾಗಿರುವುದು. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಮರ. ನಮ್ಮ ದನ ಅದನ್ನು ತಿನ್ನುವುದಿಲ್ಲ, ಮಣ್ಣಿನ ಹುಳಗಳಿಗೂ ಅದು ಬೇಗ ಕರಗದ ತುತ್ತು. ಬೇರಿನಲ್ಲಿ ಸಾರಜನಕ ಹಿಡಿದಿಡುವ ಗುಣ ಅದಕ್ಕಿದೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೂ ಸೊಪ್ಪಿನ ಬೆಟ್ಟಕ್ಕೆ ಅದು ಹೇಳಿ ಮಾಡಿಸಿದ್ದಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಂತ ಅಕೇಶಿಯಾವನ್ನು ಒಂದೇ ಸಲಕ್ಕೆ ಬೋಳಿಸಲು ಹೋಗಲಿಲ್ಲ. ಅನುಮತಿ ಪಡೆದು, ಒಂದೊಂದು ವರ್ಷ ಅಷ್ಟಷ್ಟು ತೆಗೆಸಿದೆವು. ಕಾರಣ ಬೆಳಕು. ಪೂರ್ತಿ ಬಿಸಿಲು ಬಿದ್ದರೆ ಅಲ್ಲಿ ಮೊದಲು ಏಳುವುದು ಯುಪಟೋರಿಯಂ ಮತ್ತು ಅಕೇಶಿಯಾದ್ದೇ ಮರಿಗಳು. ಅರೆನೆರಳು ಇದ್ದರೆ ನಮ್ಮ ಕಾಡಿನ ಸಸಿಗಳು ತಡೆದುಕೊಳ್ಳುತ್ತವೆ, ಯುಪಟೋರಿಯಂ ಸೊರಗುತ್ತದೆ. ನಮ್ಮ ಬೆಟ್ಟದಲ್ಲಿ ಮೇಲೆ ಕೊಂಬೆ ಕೂಡಿಕೊಂಡ ಜಾಗದಲ್ಲಿ ನಾವು ಕೀಳದೆಯೇ ಅದು ಹೋಯಿತು. ಲಂಟಾನ ಅಷ್ಟು ಸಲೀಸಲ್ಲ. ಮೇಲಿಂದ ಸವರಿದರೆ ಇನ್ನೂ ದಟ್ಟವಾಗಿ ಚಿಗುರುತ್ತದೆ. ಮಣ್ಣು ಹಸಿ ಇರುವಾಗ ಬುಡದ ಗಂಟಿಗಿಂತ ಸ್ವಲ್ಪ ಕೆಳಗೆ ಬೇರನ್ನು ಕಡಿದು, ಗಿಡವನ್ನು ಬುಡಮೇಲಾಗಿ ಅಲ್ಲೇ ಒಣಗಲು ಬಿಡಬೇಕು. ಹಣ್ಣಾಗುವ ಮೊದಲೇ ಮಾಡಬೇಕು, ಯಾಕಂದರೆ ಅದರ ಬೀಜ ಹರಡುವುದು ಹಕ್ಕಿಗಳು.

ಅದೇ ಹಕ್ಕಿಗಳನ್ನು ನನ್ನ ಕೆಲಸಕ್ಕೂ ಹಚ್ಚಿಕೊಂಡೆ. ಮಳೆ ಹಿಡಿಯುವ ಮುಂಚೆ ಗೋಣಿ, ಬಸರಿ, ಅತ್ತಿ ಹೀಗೆ ಅತ್ತಿ ಜಾತಿಯ ಮರಗಳ ತೋಳು ಗಾತ್ರದ ಗೂಟಗಳನ್ನು ಬಯಲು ಬಿದ್ದ ಕಡೆ ಹೂತೆವು. ಬದುಕಿದವು ಬೇಗ ಚಿಗುರಿ ಕೊಂಬೆ ಹಾಕಿದವು. ಪಿಕಳಾರ ಬಂದು ಕೂತವು, ಹಿಕ್ಕೆ ಹಾಕಿದವು. ಎರಡನೇ ಮಳೆಗಾಲದಲ್ಲಿ ಆ ಬುಡಗಳಲ್ಲಿ ನೇರಲೆ, ದಾಲ್ಚಿನ್ನಿ ಸಸಿಗಳು! ಅತ್ತಿ ಜಾತಿಯ ಮರವನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಈ ಗುಂಪಿನ ಬಹುತೇಕ ಪ್ರತಿ ಜಾತಿಗೂ ಅದರದೇ ಆದ ಪುಟ್ಟ ಕಣಜ ಇರುತ್ತದೆ. ಈ ಮರಗಳ ಹೂವು ಕಾಯಿಯ ಒಳಗೇ ಇರುತ್ತದೆ, ಆ ಕಣಜ ಒಳಗೆ ಹೊಕ್ಕರೇ ಪರಾಗಸ್ಪರ್ಶ. ಹೊರಗೆ ಬಂದ ಕಣಜ ಬದುಕುವುದು ತೀರಾ ಅಲ್ಪಕಾಲ, ಅಷ್ಟರಲ್ಲಿ ಅದಕ್ಕೆ ಬೇರೊಂದು ಮರದ ಎಳೆ ಕಾಯಿ ಸಿಗಬೇಕು. ಹಾಗಾಗಿ ಈ ಮರಗಳು ಎಲ್ಲವೂ ಒಟ್ಟಿಗೆ ಹಣ್ಣು ಬಿಟ್ಟು ಮುಗಿಸುವುದಿಲ್ಲ, ಕಾಡಿನಲ್ಲಿ ಎಲ್ಲಾದರೂ ಒಂದು ಮರ ಹಣ್ಣಾಗಿರುತ್ತದೆ. ಬೇರೆ ಹಣ್ಣು ಇಲ್ಲದ ದಿನಗಳಲ್ಲಿ ಮಂಗಟ್ಟೆ ಹಕ್ಕಿ, ಕೆಂಚಳಿಲು, ಬಾವಲಿ ಎಲ್ಲ ಬದುಕುವುದು ಇದರ ಮೇಲೆ. ಒಂದು ಗೋಣಿ ಮರ ಕಡಿದರೆ ಒಂದು ಮರ ಮಾತ್ರ ಹೋಯಿತು ಅಂದುಕೊಳ್ಳಬೇಡಿ.

ಬೀಜ ಹಾಕುವವರಿಗೆ ಒಂದು ಮಾತು. ಹಲಸು, ರಾಮಪತ್ರೆ (ಕಾಡು ಜಾಯಿಕಾಯಿ), ನೇರಲೆ ಬೀಜಗಳನ್ನು ಒಣಗಿಸಿ ಡಬ್ಬಿಯಲ್ಲಿ ಇಡಬೇಡಿ, ಸತ್ತು ಹೋಗುತ್ತವೆ. ಇವೆಲ್ಲ ಮಳೆಯ ಆಸುಪಾಸಿಗೆ ಹಣ್ಣಾಗಿ, ಉದುರಿ, ಆಗಲೇ ಮೊಳೆಯುವವು. ಬಿದ್ದ ತಕ್ಷಣ ಆರಿಸಿ ದರಕಿನ ಕೆಳಗೆ ಊರಿಬಿಡಿ. ಉಪ್ಪಾಗೆ ಬೀಜ ಮಾತ್ರ ಮೊಳೆಯಲು ತಿಂಗಳುಗಟ್ಟಲೆ ತಗೊಳ್ಳುತ್ತದೆ, ಸತ್ತಿದೆ ಅಂತ ಕೆದಕಬೇಡಿ. ರಾಮಪತ್ರೆ ಬೀಜ ನಾನು ಹುಡುಕುವುದು ಹಳ್ಳದ ಬದಿಯಲ್ಲಿ ಮಂಗಟ್ಟೆ ಕೂರುವ ಮರಗಳ ಕೆಳಗೆ. ಆ ಹಕ್ಕಿ ಬೀಜದ ಸುತ್ತಲಿನ ಕೆಂಪು ಪತ್ರೆಯನ್ನು ಜೀರ್ಣಿಸಿಕೊಂಡು ಬೀಜವನ್ನು ಬಾಯಿಂದ ಉಗುಳುತ್ತದೆ, ನಮಗೆ ಸಿಗುವುದು ತೊಳೆದಿಟ್ಟಂಥ ಬೀಜ.

ಇಷ್ಟೆಲ್ಲ ತೋಟಕ್ಕೆ ಏನು ಲಾಭ ಅಂತ ಕೇಳುವವರಿಗೆ ನಾನು ಹೇಳುವುದು ವೆನಿಲ್ಲಾ ಕಥೆ. 2003ರ ಸುಮಾರಿಗೆ ರೇಟು ಆಕಾಶಕ್ಕೇರಿದಾಗ ನಮ್ಮೂರಲ್ಲಿ ಮನೆ ಮನೆಯಲ್ಲೂ ವೆನಿಲ್ಲಾ ಬಳ್ಳಿ. ಬೆಳಗ್ಗೆ ಎದ್ದು ಒಂದೊಂದೇ ಹೂವಿಗೆ ಕಡ್ಡಿ ಹಿಡಿದು ಪರಾಗ ಮುಟ್ಟಿಸಬೇಕಿತ್ತು. ಅದು ಮೆಕ್ಸಿಕೋ ಕಡೆಯ ಬಳ್ಳಿ, ಅಲ್ಲಿ ಆ ಕೆಲಸಕ್ಕೆ ಜೇನುಗಳಿವೆ, ಇಲ್ಲಿ ಇಲ್ಲ. ಪಕ್ಕದಲ್ಲೇ ಇದ್ದ ಏಲಕ್ಕಿ ಹೂವಿಗೆ ಯಾರೂ ಕಡ್ಡಿ ಹಿಡಿಯಲಿಲ್ಲ. ಅದರ ಹೂವೂ ಒಂದೇ ದಿನದ್ದು, ಆದರೆ ತುಡುವೆ ಜೇನು ಬಂದು ಹೋಗುತ್ತಿತ್ತು. ಆ ಜೇನಿಗೆ ಏಲಕ್ಕಿ ಹೂವು ಇಲ್ಲದ ತಿಂಗಳಲ್ಲಿ ಊಟ ಕೊಡುವುದು ಬೆಟ್ಟ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ನಮ್ಮ ರಾಜ್ಯದ ತುಡುವೆ ಪೆಟ್ಟಿಗೆಗಳು ಬಹುಪಾಲು ಖಾಲಿಯಾದವು. ಆಮೇಲೆ ನಾವು ಜೇನು ಕುಟುಂಬ ಹಿಡಿದು ತಂದಿದ್ದು ಎಲ್ಲಿಂದ? ಬೆಟ್ಟದ ಹಳೇ ಮರಗಳ ಪೊಟರೆಯಿಂದ. ಅದಕ್ಕೇ ಪೊಟ್ಟಾದ ಮರ ಸೌದೆಗಾಯಿತು ಅನ್ನುವ ಮಾತು ನಮ್ಮ ಮನೆಯಲ್ಲಿ ಈಗ ಇಲ್ಲ. ಮಂಗಟ್ಟೆ ಮೊಟ್ಟೆ ಇಡುವುದೂ ಅಂಥ ಪೊಟರೆಯಲ್ಲೇ. ಗಿಡ ನೆಡಬಹುದು, ಪೊಟರೆ ನೆಡಲು ಬರುವುದಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ದರಕು ತರುವ ಕಾಲವೂ ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣೆ) ಜಾಸ್ತಿ ಇರುವ ಕಾಲವೂ ಒಂದೇ, ಚಳಿಗಾಲದಿಂದ ಮಳೆ ಬರುವ ತನಕ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ರೋಗ ಇದು, ನಮ್ಮ ಪಕ್ಕದ್ದೇ. ಉಣುಗು ಕಚ್ಚದಂತೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿಕೊಂಡೇ ಹೋಗಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆ ಇಲಾಖೆಯವರಿಗೆ ತಿಳಿಸಿ.

ಇನ್ನು ಮಂಗನ ಕಾಟ. ಬೆಟ್ಟದಲ್ಲಿ ಹಣ್ಣಿನ ಮರ ಬೆಳೆಸಿದರೆ ಮಂಗ ತೋಟಕ್ಕೆ ಬರುವುದಿಲ್ಲ ಅಂತ ಬಹಳ ಜನ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಪೂರ್ತಿ ನಿಜವಾಗಿಲ್ಲ. ಕಾಡುಹಣ್ಣು ಇರುವ ದಿನಗಳಲ್ಲಿ ಕಡಿಮೆ ಬರುತ್ತವೆ, ಎಳೆ ಅಡಿಕೆಯ ರುಚಿ ಹತ್ತಿದ ಗುಂಪು ಮಾತ್ರ ಬಂದೇ ಬರುತ್ತದೆ. ಅದಕ್ಕೆ ಕಾಯುವುದೊಂದೇ ದಾರಿ, ನಾವೂ ಕಾಯುತ್ತಲೇ ಇದ್ದೇವೆ.

ನಿಮ್ಮ ಬೆಟ್ಟದಲ್ಲೂ ಶುರು ಮಾಡುವುದಾದರೆ ಈ ಬೇಸಿಗೆಯಲ್ಲಿ ಒಂದು ಮೂಲೆಯ ದರಕು ಗುಡಿಸದೆ ಬಿಡಿ, ಆ ಮೂಲೆಗೆ ದನ ಹೋಗದಂತೆ ಅಗಳ (ಕಂದಕ) ಸರಿ ಮಾಡಿ, ಬೆಂಕಿ ಬೀಳದಂತೆ ಅಂಚು ಸವರಿಡಿ. ನರ್ಸರಿಗೆ ಹೋಗುವ ಮೊದಲು ಒಂದು ಮಳೆಗಾಲ ಕಳೆಯಲಿ. ಅಷ್ಟರಲ್ಲಿ ಏನೇನು ಸಸಿ ತಾನಾಗಿ ಎದ್ದಿದೆ ಅಂತ ಕೂತು ನೋಡಿ, ಇಲ್ಲದ್ದನ್ನು ಮಾತ್ರ ತನ್ನಿ.